ಸಾಮಾಜಿಕ ಜಾಲತಾಣಗಳು: ಪ್ರಯೋಜನ, ಅಪಾಯ ಮತ್ತು ಕಾನೂನು

ಅರ್ಥ: ಬಳಕೆದಾರರೇ ಬರಹ, ಚಿತ್ರ, ವಿಡಿಯೊಗಳನ್ನು ಪ್ರಕಟಿಸಿ ಪರಸ್ಪರ ಹಂಚಿಕೊಳ್ಳಲು ಅನುವು ಮಾಡಿಕೊಡುವ ಫೇಸ್‌ಬುಕ್ (2004), ಯೂಟ್ಯೂಬ್ (2005) ಮೊದಲಾದ ಅಂತರ್ಜಾಲ ವೇದಿಕೆಗಳನ್ನು ಸಾಮಾಜಿಕ ಜಾಲತಾಣಗಳೆನ್ನುತ್ತಾರೆ.

ಪ್ರಯೋಜನಗಳು: ಮಾಹಿತಿಯ ಶೀಘ್ರ ಪ್ರಸಾರ, ಉಚಿತ ಕಲಿಕೆ ಹಾಗೂ ಸಣ್ಣ ವ್ಯಾಪಾರಿಗಳಿಗೆ ಕಡಿಮೆ ವೆಚ್ಚದ ಪ್ರಚಾರ ಇವುಗಳಿಂದ ಸಾಧ್ಯವಾಗಿದ್ದು, 2015ರ ಚೆನ್ನೈ ಪ್ರವಾಹದಲ್ಲಿ ಸಿಲುಕಿದವರ ನೆಲೆ, ಆಹಾರ ಮತ್ತು ಆಶ್ರಯದ ವಿವರಗಳನ್ನು ಸ್ವಯಂಸೇವಕರು ಇವುಗಳ ಮೂಲಕವೇ ಹಂಚಿಕೊಂಡರು.

ಅಪಾಯಗಳು: ಸುಳ್ಳು ಸುದ್ದಿ, ಆರ್ಥಿಕ ವಂಚನೆ, ಖಾಸಗಿತನದ ಹರಣ ಮತ್ತು ಗೀಳು ಪ್ರಮುಖವಾದವು. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ಮತ್ತು ಜಾಲತಾಣಗಳಲ್ಲಿ ಹರಡಿದ ವದಂತಿಗಳಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರು ತೊರೆದರು. 2018ರಲ್ಲಿ ಮಕ್ಕಳ ಕಳ್ಳರೆಂಬ ವದಂತಿ ಬೀದರ್ ಜಿಲ್ಲೆ ಸೇರಿದಂತೆ ಹಲವೆಡೆ ಗುಂಪು ಹತ್ಯೆಗೆ ಕಾರಣವಾದ ಬಳಿಕ, ವಾಟ್ಸ್‌ಆ್ಯಪ್ ಭಾರತದಲ್ಲಿ ಸಂದೇಶ ರವಾನೆಯನ್ನು ಒಮ್ಮೆಗೆ 5 ಚಾಟ್‌ಗಳಿಗೆ ಸೀಮಿತಗೊಳಿಸಿತು.

ಕಾನೂನು: ಆಕ್ಷೇಪಾರ್ಹ ಆನ್‌ಲೈನ್ ಸಂದೇಶಗಳನ್ನು ಶಿಕ್ಷಾರ್ಹಗೊಳಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಎ ಕಲಮನ್ನು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ (2015) ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಪಡಿಸಿತು. 79ನೇ ಕಲಮು ಬಳಕೆದಾರರು ಪ್ರಕಟಿಸಿದ್ದಕ್ಕೆ ‘ಮಧ್ಯವರ್ತಿ’ಗಳಿಗೆ, ಅಂದರೆ ವೇದಿಕೆ ಒದಗಿಸುವ ಸಂಸ್ಥೆಗಳಿಗೆ, ಷರತ್ತುಬದ್ಧ ರಕ್ಷಣೆ ನೀಡುತ್ತದೆ, 2021ರ ನಿಯಮಗಳಂತೆ ಅವು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಸೈಬರ್ ಆರ್ಥಿಕ ವಂಚನೆಯ ದೂರಿಗೆ ರಾಷ್ಟ್ರೀಯ ಸಹಾಯವಾಣಿ 1930.