ಹಾಯಿಯೂ ಹಬೆಯೂ: ‘ಗ್ಯಾನೆಟ್’ ನೌಕೆಯ ಕಥೆ

1878ನೆಯ ಇಸವಿ ಆಗಸ್ಟ್ 31ರಂದು ಇಂಗ್ಲೆಂಡಿನ ಶೀರ್‌ನೆಸ್ ಹಡಗುಕಟ್ಟೆಯಲ್ಲಿ ‘ಗ್ಯಾನೆಟ್’ ಎಂಬ ಯುದ್ಧನೌಕೆಯೊಂದು ನೀರಿಗಿಳಿಯಿತು. ಗ್ಯಾನೆಟ್ ಎಂಬುದು ಒಂದು ಕಡಲ ಹಕ್ಕಿಯ ಹೆಸರು. ಕೂವೆಕಂಬ, ಹಾಯಿಗಳ ಹಂಗೇ ಇಲ್ಲದ ‘ಡಿವಾಸ್ಟೇಷನ್’ ಎಂಬ ಕಬ್ಬಿಣದ ಕವಚನೌಕೆ ಅದಕ್ಕೆ ಐದು ವರ್ಷ ಮೊದಲೇ ಬ್ರಿಟಿಷ್ ನೌಕಾಪಡೆಯನ್ನು ಸೇರಿತ್ತು. ಹೀಗಿರುವಾಗ ಮೂರು ಕೂವೆಕಂಬಗಳನ್ನು ಹೊತ್ತು, ಮರದ ಹಲಗೆಗಳನ್ನು ಹೊದ್ದು, ಬಾಯಿಯ ಕಡೆಯಿಂದ ಮದ್ದು ತುಂಬುವ ತೋಪುಗಳನ್ನಿಟ್ಟುಕೊಂಡ ಹಡಗನ್ನು ಹೊಸದಾಗಿ ಕಟ್ಟಿಸಿದುದೇಕೆ? ಇದು ಅಧಿಕಾರಿಗಳ ಹಳೆಯ ಮೋಹವೆಂದು ಮೇಲುನೋಟಕ್ಕೆ ತೋರುತ್ತದೆ. ವಿಚಾರಿಸಿ ನೋಡಿದರೆ ಅದರಲ್ಲಿ ಒಂದು ಲೆಕ್ಕಾಚಾರವಿತ್ತು.

ಗ್ಯಾನೆಟ್ ‘ಸ್ಲೂಪ್’ ಎಂಬ ವರ್ಗಕ್ಕೆ ಸೇರಿದುದು. ಶತ್ರುವಿನ ದೊಡ್ಡ ನೌಕೆಗಳೊಡನೆ ಸೆಣಸುವುದು ಸ್ಲೂಪಿನ ಕೆಲಸವಲ್ಲ. ದೂರದ ಸಮುದ್ರಗಳಲ್ಲಿ ವರ್ಷಗಟ್ಟಲೆ ಒಂಟಿಯಾಗಿ ತಿರುಗುತ್ತ ಸಾಮ್ರಾಜ್ಯದ ಪೊಲೀಸಿನವನಂತೆ ಪಹರೆ ಮಾಡುವುದು ಅದರ ಕೆಲಸ. ಶಾಂತಸಾಗರದ ನಡುವೆ ಕಲ್ಲಿದ್ದಲು ಎಲ್ಲಿ ಸಿಕ್ಕೀತು? ಗಾಳಿಗಾದರೋ ಹಣ ಕೊಡಬೇಕಾಗಿಲ್ಲ. ಆದುದರಿಂದ ನಥಾನಿಯೆಲ್ ಬಾರ್ನಬಿ ಎಂಬ ನೌಕಾಶಿಲ್ಪಿ ಈ ಹಡಗಿಗೆ ಹಾಯಿ, ಹಬೆ ಎರಡನ್ನೂ ಕೊಟ್ಟನು. ಉದ್ದ 170 ಅಡಿ, ಅಗಲ 36 ಅಡಿ, ಭಾರ ಸುಮಾರು 1,130 ಟನ್ನು. ಹಬೆಯಂತ್ರದಿಂದ ಗಂಟೆಗೆ ಸುಮಾರು 11 ಕಡಲಮೈಲಿ ಹೋಗುತ್ತಿತ್ತು. ಅನುಕೂಲವಾದ ಗಾಳಿ ಬೀಸಿದರೆ ಹಾಯಿಯಲ್ಲಿ ಅದಕ್ಕಿಂತಲೂ ವೇಗ. ಹಾಯಿಯಲ್ಲಿ ಸಾಗುವಾಗ ನೀರನ್ನು ತಡೆಯದಂತೆ ತಿರುಗುಚಕ್ರವನ್ನು ಮೇಲಕ್ಕೆ ಎಳೆದುಕೊಳ್ಳುವ ಏರ್ಪಾಡೂ ಉಂಟು.

ಒಡಲಿನ ರಚನೆ ಇನ್ನೂ ಸ್ವಾರಸ್ಯವಾದುದು. ಪಕ್ಕೆಲುಬುಗಳು ಕಬ್ಬಿಣದವು, ಹೊದಿಕೆ ತೇಗದ ಹಲಗೆಯದು. ಬೆಚ್ಚನೆಯ ಸಮುದ್ರದಲ್ಲಿ ಹಡಗಿನ ತಳಕ್ಕೆ ಪಾಚಿಯೂ ಚಿಪ್ಪುಜೀವಿಗಳೂ ಅಂಟಿಕೊಂಡು ವೇಗವನ್ನು ಕುಗ್ಗಿಸುತ್ತವೆ. ತಳಕ್ಕೆ ತಾಮ್ರದ ತಗಡು ಹೊಡೆದರೆ ಈ ಕಾಟ ತಪ್ಪುತ್ತದೆ. ಆದರೆ ಉಪ್ಪುನೀರಿನಲ್ಲಿ ತಾಮ್ರವೂ ಕಬ್ಬಿಣವೂ ಒಂದನ್ನೊಂದು ತಾಗಿದರೆ ಅದೊಂದು ವಿದ್ಯುತ್ಕೋಶವೇ ಆಗಿ ಕಬ್ಬಿಣ ಸವೆದುಹೋಗುತ್ತದೆ. ಎರಡರ ನಡುವೆ ಮರವಿದ್ದರೆ ಆ ಭಯವಿಲ್ಲ. ನಮ್ಮ ವಿಜ್ಞಾನದ ಮಿತ್ರರು ಪ್ರಯೋಗಶಾಲೆಯ ಲೋಟದಲ್ಲಿ ನೋಡುವ ಸಂಗತಿಯೇ ಇಲ್ಲಿ ಇಡೀ ಹಡಗಿನ ರೂಪವನ್ನು ನಿರ್ಧರಿಸಿತು.

ಗ್ಯಾನೆಟ್ಟಿಗೆ ಒಂದೇ ಮಾದರಿಯ ಎಂಟು ಸೋದರ ನೌಕೆಗಳಿದ್ದುವು. ಅವುಗಳಲ್ಲಿ ‘ಡಾಟರೆಲ್’ ಎಂಬುದರ ಕಥೆ ಕರುಣಾಜನಕ. 1881ರ ಏಪ್ರಿಲ್ 26ರಂದು ದಕ್ಷಿಣ ಅಮೆರಿಕದ ಮೆಗಲನ್ ಜಲಸಂಧಿಯಲ್ಲಿ ಲಂಗರು ಹಾಕಿದ್ದಾಗ ಅದು ಸಿಡಿದು ಮುಳುಗಿತು; 143 ಮಂದಿ ಮಡಿದರು, 12 ಮಂದಿ ಮಾತ್ರ ಉಳಿದರು. ಕಲ್ಲಿದ್ದಲಿನ ಅನಿಲವೇ ಇದಕ್ಕೆ ಮೂಲವೆಂದು ಮೊದಲ ವಿಚಾರಣೆ ಹೇಳಿತು. ಆದರೆ ಅದೇ ನವೆಂಬರಿನಲ್ಲಿ ‘ಟ್ರಯಂಫ್’ ಎಂಬ ನೌಕೆಯಲ್ಲಿ, ಬಣ್ಣ ಬೇಗ ಒಣಗಲೆಂದು ಬೆರೆಸುವ ಒಂದು ದ್ರವ ಸಿಡಿದು ಮೂವರು ಸತ್ತರು. 1883ರಲ್ಲಿ, ಡಾಟರೆಲ್ಲಿನಿಂದ ಬದುಕಿ ಬಂದಿದ್ದ ನಾವಿಕನೊಬ್ಬ ಇನ್ನೊಂದು ಹಡಗಿನಲ್ಲಿ ಅದೇ ದ್ರವದ ವಾಸನೆ ಹಿಡಿದು, ಸಿಡಿತಕ್ಕೆ ಸ್ವಲ್ಪ ಮೊದಲು ಇದೇ ನಾತ ಬಂದಿತ್ತೆಂದು ಹೇಳಿದನು. ಪಂಡಿತರ ಮಂಡಳಿಗೆ ಸಿಗದ ಕಾರಣ ಒಬ್ಬ ಸಾಮಾನ್ಯ ನಾವಿಕನ ಮೂಗಿಗೆ ಸಿಕ್ಕಿತು!

ಗ್ಯಾನೆಟ್ಟಿನ ಬಾಳು ಅಷ್ಟು ದಾರುಣವಲ್ಲ. ಮೊದಲು ಶಾಂತಸಾಗರದಲ್ಲಿಯೂ ಬಳಿಕ ಮೆಡಿಟರೇನಿಯನ್, ಕೆಂಪುಸಮುದ್ರಗಳಲ್ಲಿಯೂ ಸೇವೆ ಸಲ್ಲಿಸಿತು. ಕೆಂಪುಸಮುದ್ರದಲ್ಲಿ ಗುಲಾಮರ ಸಾಗಾಟವನ್ನು ತಡೆಯುವುದು ಅದರ ಕಾರ್ಯಗಳಲ್ಲೊಂದು. 1888ರಲ್ಲಿ ಸೂಡಾನಿನ ಸುವಾಕಿನ್ ಬಂದರನ್ನು ಉಸ್ಮಾನ್ ದಿಗ್ನಾನ ಪಡೆ ಮುತ್ತಿದಾಗ ಸುಮಾರು ಒಂದು ತಿಂಗಳು ಅದರ ತೋಪುಗಳು ಮೊಳಗಿದುವು. ಗುಲಾಮನನ್ನು ಬಿಡಿಸಿದ ಹಡಗೇ, ಪರರ ಆಳ್ವಿಕೆಯನ್ನು ಒಲ್ಲೆನೆಂದವರ ಮೇಲೆ ಗುಂಡು ಹಾರಿಸಿತು. ಪರರ ಆಳ್ವಿಕೆಯನ್ನು ಕಂಡ ನಾಡಿನವರಾದ ನಾವು ಇವೆರಡನ್ನೂ ಒಟ್ಟಿಗೆ ನೆನೆಯಬೇಕು.

1895ರಲ್ಲಿ ಅದರ ಕಡಲಸೇವೆ ಮುಗಿಯಿತು. 1903ರಲ್ಲಿ ‘ಪ್ರೆಸಿಡೆಂಟ್’ ಎಂಬ ಹೆಸರು ಹೊತ್ತು ಲಂಡನ್ನಿನಲ್ಲಿ ಕವಾಯತಿನ ಹಡಗಾಯಿತು. 1913ರ ಬಳಿಕ, ಹ್ಯಾಂಬಲ್ ನದಿಯಲ್ಲಿ ಬಾಲಕರಿಗೆ ನೌಕಾವಿದ್ಯೆ ಕಲಿಸುತ್ತಿದ್ದ ‘ಮರ್ಕ್ಯುರಿ’ ಶಾಲೆಯ ಹುಡುಗರಿಗೆ ಮಲಗುವ ಮನೆಯಾಯಿತು. ಆ ಶಾಲೆಯ ಮುಖ್ಯಸ್ಥ ಸಿ. ಬಿ. ಫ್ರೈ, ನಮ್ಮ ರಣಜಿತ್‌ಸಿಂಹಜಿಯೊಡನೆ ಸಸೆಕ್ಸ್ ಪರವಾಗಿ ಆಡಿದ ಪ್ರಸಿದ್ಧ ಕ್ರಿಕೆಟ್ ಆಟಗಾರ. 1968ರಲ್ಲಿ ಶಾಲೆ ಮುಚ್ಚುವವರೆಗೂ ಹಡಗು ಅಲ್ಲಿಯೇ ಇತ್ತು. ಜೊತೆಯ ನೌಕೆಗಳೊಂದೂ ಉಳಿಯದಿರುವಾಗ ಇದು ಉಳಿದುದು ತೋಪುಗಳ ಬಲದಿಂದಲ್ಲ, ಹುಡುಗರಿಗೆ ನೆರಳಾದುದರಿಂದ. 1987ರಲ್ಲಿ ಅದನ್ನು ಚ್ಯಾಟಮ್ ಹಡಗುಕಟ್ಟೆಗೆ ತಂದು 1888ರ ರೂಪಕ್ಕೆ ದುರಸ್ತಿ ಮಾಡಿದರು. ಅಲ್ಲಿನ ಡ್ರೈ ಡಾಕಿನಲ್ಲಿ ಅದು ಇಂದಿಗೂ ಮೂರು ಕೂವೆಕಂಬಗಳ ಜೊತೆಗೆ ಒಂದು ಹೊಗೆಕೊಳವೆಯನ್ನು ಎತ್ತಿಕೊಂಡು ನಿಂತಿದೆ.