ಗೂಗಲ್ ಕ್ಲಾಸ್‌ರೂಮ್: ಮಕ್ಕಳು ಬರೆದದ್ದು ಕಳೆಯದಿರಲು ಸೂತ್ರಗಳು

ರಾಯಚೂರು ಜಿಲ್ಲೆಯ ಗುರುಗುಂಟಾದಂಥ ಊರಿನಲ್ಲಿ ಎಷ್ಟೋ ಮಕ್ಕಳ ಕೈಗೆ ಫೋನ್ ಬರುವುದು ಅಪ್ಪ ಹೊಲದಿಂದಲೋ ಅಣ್ಣ ಹಟ್ಟಿ ಚಿನ್ನದ ಗಣಿಯ ಪಾಳಿ ಮುಗಿಸಿಯೋ ಮನೆಗೆ ಬಂದ ಮೇಲೆ. ಸಿಕ್ಕ ಅರ್ಧ ತಾಸೂ ಹೋಂವರ್ಕ್ ಎಲ್ಲಿದೆ ಎಂದು ಹುಡುಕುವುದರಲ್ಲೇ ಹೋದರೆ ಓದುವುದು ಯಾವಾಗ, ಬರೆಯುವುದು ಯಾವಾಗ? ಶಿಕ್ಷಕರು ಗೂಗಲ್ ಕ್ಲಾಸ್‌ರೂಮ್‌ನಲ್ಲಿ ತರಗತಿ ಜೋಡಿಸುವಾಗ ಆ ಅರ್ಧ ತಾಸನ್ನೇ ಕಣ್ಣ ಮುಂದೆ ಇಟ್ಟುಕೊಳ್ಳಬೇಕು.

1. ಮೊದಲು ಫೋನಿನ ಲೆಕ್ಕ ಹಾಕಿ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ, ಶಿಕ್ಷಣ ಇಲಾಖೆಯ ವಿದ್ಯಾಗಮ ಕಾರ್ಯಕ್ರಮ ಶುರುವಾದಾಗ ಮಕ್ಕಳನ್ನು ಮೂರು ಗುಂಪು ಮಾಡಿದ್ದರು: ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನ್ ಉಳ್ಳವರು, ಸಾದಾ ಫೋನ್ ಉಳ್ಳವರು, ಎರಡೂ ಇಲ್ಲದವರು. ಅಂಥ ಪಟ್ಟಿ ಈಗಲೂ ಬೇಕು. ಮೂರನೆಯ ಗುಂಪಿನ ಮಗು ನೋಟ್‌ಬುಕ್‌ನಲ್ಲಿ ಬರೆದು ತಂದರೆ ಅದಕ್ಕೂ ಅಷ್ಟೇ ಅಂಕ. ಈ ಮಾತನ್ನು ಮೊದಲ ದಿನವೇ ಎಲ್ಲರ ಎದುರು ಹೇಳಿಬಿಡಿ.

2. ಒಂದು ಮಗುವಿಗೆ ಒಂದು ಖಾತೆ. ಅಪ್ಪನ ಒಂದೇ ಜಿಮೇಲ್‌ನಿಂದ ಅಕ್ಕ-ತಮ್ಮ ಇಬ್ಬರೂ ಬರೆದು ಕಳಿಸಿದರೆ ನಿಮ್ಮ ಪಟ್ಟಿಯಲ್ಲಿ ಕಾಣುವುದು ಅಪ್ಪನ ಹೆಸರು ಮಾತ್ರ. ಯಾರ ಉತ್ತರಕ್ಕೆ ಯಾರ ಅಂಕ ಎಂಬುದು ಗೊತ್ತಾಗುವುದಿಲ್ಲ. ಒಂದೇ ಫೋನಿನಲ್ಲಿ ಎರಡು ಮೂರು ಖಾತೆ ಇಟ್ಟುಕೊಳ್ಳಬಹುದು. ಆ್ಯಪ್‌ನ ಮೇಲ್ತುದಿಯ ದುಂಡನೆ ಚಿತ್ರ ಒತ್ತಿದರೆ ಖಾತೆ ಬದಲಾಗುತ್ತದೆ. ಪಾಲಕರ ಸಭೆಯಲ್ಲಿ ಫೋನ್ ತೆಗೆಸಿ, ಅವರ ಕೈಯಿಂದಲೇ ಮಾಡಿಸಿ. ಹದಿಮೂರು ತುಂಬದ ಮಕ್ಕಳ ಖಾತೆ ಪಾಲಕರ ನಿಗಾದಲ್ಲೇ ಇರಬೇಕು.

3. ವರ್ಷಕ್ಕೊಂದು ಹೊಸ ಕ್ಲಾಸ್. ‘9ಎ ವಿಜ್ಞಾನ 2025-26’ ಎಂದು ಹೆಸರಿಡಿ. ಹಳೆಯದನ್ನು ಅಳಿಸದೆ ಆರ್ಕೈವ್ ಮಾಡಿ. ಅಲ್ಲಿನ ಪ್ರಶ್ನೆಗಳನ್ನು ಮುಂದಿನ ವರ್ಷ ಮತ್ತೆ ಬಳಸಬಹುದು.

4. ಸ್ಟ್ರೀಮ್ ಪುಟದಲ್ಲಿ ಹೋಂವರ್ಕ್ ಕೊಡಬೇಡಿ. ಅಲ್ಲಿ ಹಾಕಿದ್ದು ‘ಗುಡ್ ಮಾರ್ನಿಂಗ್ ಸರ್’, ‘ಥ್ಯಾಂಕ್ಯೂ ಮೇಡಂ’ಗಳ ನಡುವೆ ಸೇರಿಹೋಗುತ್ತದೆ. ಕ್ಲಾಸ್‌ವರ್ಕ್ ಪುಟಕ್ಕೆ ಹೋಗಿ ಪಾಠಕ್ಕೊಂದು ಟಾಪಿಕ್ ಮಾಡಿ, ಪಠ್ಯಪುಸ್ತಕದ ಅನುಕ್ರಮದಲ್ಲೇ ಜೋಡಿಸಿ. ಮಗುವಿಗೆ ಪುಸ್ತಕ ಗೊತ್ತಿದೆ. ಅದೇ ಸಾಲು ಪರದೆಯ ಮೇಲೂ ಇದ್ದರೆ ಹುಡುಕುವ ಕೆಲಸವೇ ಇಲ್ಲ. ಟಾಪಿಕ್‌ಗಳನ್ನು ವಾರದ ಲೆಕ್ಕದಲ್ಲಿ ಮಾಡುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಹದಿನೈದು ದಿನ ತಪ್ಪಿಸಿಕೊಂಡು ಬಂದ ಮಗುವಿಗೆ ಯಾವ ವಾರದಲ್ಲಿ ಏನಾಯಿತೆಂದು ಗೊತ್ತಿರುವುದಿಲ್ಲ. ಯಾವ ಪಾಠ ನಡೆಯಿತು ಎಂಬುದನ್ನು ಗೆಳತಿಯನ್ನು ಕೇಳಿಯಾದರೂ ತಿಳಿದುಕೊಳ್ಳುತ್ತದೆ.

5. ಶೀರ್ಷಿಕೆಯಲ್ಲೇ ಕೆಲಸ ಹೇಳಿ. ‘ಹೋಂವರ್ಕ್’, ‘ಹೋಂವರ್ಕ್ ಹೊಸದು’ ಎಂಬ ಹೆಸರುಗಳಿಂದ ಏನೂ ತಿಳಿಯದು. ‘07 ಬೆಳಕು: ದರ್ಪಣದ ಎರಡು ರೇಖಾಚಿತ್ರ ಬಿಡಿಸಿ’ ಎಂದರೆ ತೆರೆಯುವ ಮೊದಲೇ ಗೊತ್ತಾಗುತ್ತದೆ. ಅಂಕಿ ಇದ್ದರೆ ಇನ್ನೂ ಒಂದು ಅನುಕೂಲವಿದೆ: ಸಾದಾ ಫೋನಿನ ಮನೆಗೆ ಕರೆ ಮಾಡಿ ‘ಏಳನೇದು ಬಾಕಿ ಐತ್ರೀ’ ಎಂದರೆ ಸಾಕು.

6. ಗಡುವು ಊರಿನ ದಿನಚರಿ ನೋಡಿ ಹಾಕಿ. ದಿನಾಂಕ ಮಾತ್ರ ಕೊಟ್ಟರೆ ಕ್ಲಾಸ್‌ರೂಮ್ ತಾನಾಗಿ ರಾತ್ರಿ 11:59 ಎಂದು ಹಿಡಿಯುತ್ತದೆ. ಮಕ್ಕಳನ್ನು ಅಷ್ಟು ಹೊತ್ತು ಎಚ್ಚರ ಇರಿಸುವುದು ಬೇಡ. ರಾತ್ರಿ 9 ಗಂಟೆ ಹಾಕಿ, ಕನಿಷ್ಠ ಎರಡು ಸಂಜೆ ಸಿಗುವಂತೆ ನೋಡಿಕೊಳ್ಳಿ. ಇಲ್ಲಿನ ಅಮರೇಶ್ವರ ಜಾತ್ರೆಯ ದಿನ ಯಾವ ಗಡುವೂ ಬೇಡ.

7. ಫೋಟೊ ಬದಲು ಸ್ಕ್ಯಾನ್. ಐದು ಪುಟಕ್ಕೆ ಐದು ಫೋಟೊ ಬಂದರೆ ಒಂದು ಅಡ್ಡ, ಒಂದು ತಲೆಕೆಳಗು, ಒಂದರ ಮೇಲೆ ಬೆರಳಿನ ನೆರಳು. ಗೂಗಲ್ ಡ್ರೈವ್ ಆ್ಯಪ್‌ನ ಸ್ಕ್ಯಾನ್‌ನಿಂದ ಎಲ್ಲ ಪುಟ ಸೇರಿ ಒಂದೇ ಪಿಡಿಎಫ್ ಆಗುತ್ತದೆ. ಲಗತ್ತಿಸಿದ ಮೇಲೆ ‘ಟರ್ನ್ ಇನ್’ ಒತ್ತುವುದನ್ನು ತರಗತಿಯಲ್ಲೇ ಮಾಡಿ ತೋರಿಸಿ. ಒತ್ತದಿದ್ದರೆ ಬರೆದ ಮಗುವೂ ಗಡುವು ದಾಟಿದ ಮೇಲೆ ‘ಮಿಸ್ಸಿಂಗ್’ ಪಟ್ಟಿಗೆ ಸೇರುತ್ತದೆ. ಹೀಗೆ ವಿನಾಕಾರಣ ಬೈಸಿಕೊಂಡ ಮಕ್ಕಳು ಬಹಳ. ಆದ್ದರಿಂದ ಆ ಪಟ್ಟಿ ನೋಡಿದ ಕೂಡಲೇ ಗದರಬೇಡಿ. ನೋಟ್‌ಬುಕ್ ತರಲು ಹೇಳಿ.

8. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಮೊಬೈಲ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಹಳೆಯ ಕಡತವೇ ಬೇಕಾದರೆ ಪಿಡಿಎಫ್ ಮಾಡಿ ಹಾಕಿ.

9. ಡಾಕ್ಯುಮೆಂಟ್ ಕೊಡುವಾಗ ‘ಪ್ರತಿ ವಿದ್ಯಾರ್ಥಿಗೂ ಒಂದು ಪ್ರತಿ’ ಆಯ್ಕೆಯನ್ನೇ ಒತ್ತಿ. ತಿದ್ದುವ ಅನುಮತಿ ಎಲ್ಲರಿಗೂ ಇರುವ ಒಂದೇ ಕಡತ ಕೊಟ್ಟರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿಬಿಡುತ್ತಾರೆ.

10. ಅಂಕ ಕೊಟ್ಟ ಮೇಲೆ ‘ರಿಟರ್ನ್’ ಮಾಡಿ. ಅಲ್ಲಿಯವರೆಗೆ ಆ ಅಂಕ ಮಗುವಿಗೆ ಕಾಣುವುದಿಲ್ಲ. ಜೊತೆಗೆ ಖಾಸಗಿ ಕಾಮೆಂಟ್‌ನಲ್ಲಿ ಒಂದು ಸಾಲು ಬರೆಯಿರಿ: ‘ಚಿತ್ರ ಚೆನ್ನಾಗಿದೆ, ಭಾಗಗಳ ಹೆಸರು ಬಿಟ್ಟಿದ್ದೀ, ಬರೆದು ಮತ್ತೆ ಕಳಿಸು.’ ಅದನ್ನು ಬೇರೆ ಮಕ್ಕಳು ಓದಲಾರರು. ಅಂಕಗಳ ದಾಖಲೆಯೂ ಕಳೆಯಬಾರದು. ಹತ್ತನೇ ತರಗತಿಯಲ್ಲಿ 100 ಅಂಕದ ವಿಷಯಕ್ಕೆ 20, 125 ಅಂಕದ ಪ್ರಥಮ ಭಾಷೆಗೆ 25 ಆಂತರಿಕ ಅಂಕಗಳಿವೆ. ಮನೆಯಲ್ಲಿ ಕಲಿಸುವವರಿಲ್ಲದ ಮಗುವಿಗೆ ಆ ಅಂಕಗಳ ಬೆಲೆ ದೊಡ್ಡದು. ಗ್ರೇಡ್ಸ್ ಪುಟದ ಅಂಕಗಳನ್ನು ತಿಂಗಳಿಗೊಮ್ಮೆ ಶೀಟ್ಸ್‌ಗೆ ಇಳಿಸಿಕೊಳ್ಳಿ, ಕಾಗದದ ರಿಜಿಸ್ಟರ್‌ನಲ್ಲೂ ಬರೆಯಿರಿ.

11. ಒಬ್ಬರ ಖಾತೆಯ ಮೇಲೆ ಎಲ್ಲವೂ ನಿಲ್ಲದಿರಲಿ. ನಮ್ಮ ಭಾಗದ ಎಷ್ಟೋ ಶಾಲೆಗಳು ನಡೆಯುತ್ತಿರುವುದು ಅತಿಥಿ ಶಿಕ್ಷಕರಿಂದ. ಅವರು ವರ್ಷದ ಕೊನೆಗೆ ಹೊರಟರೆ, ಕಾಯಂ ಶಿಕ್ಷಕರಿಗೆ ವರ್ಗಾವಣೆಯಾದರೆ, ಕ್ಲಾಸಿನ ಮಾಲೀಕತ್ವವೂ ಅವರ ಜೊತೆ ಹೋಗುತ್ತದೆ. ಜೂನ್‌ನಲ್ಲೇ ಮುಖ್ಯ ಶಿಕ್ಷಕರನ್ನೋ ಇನ್ನೊಬ್ಬ ಸಹೋದ್ಯೋಗಿಯನ್ನೋ ಸಹಶಿಕ್ಷಕರಾಗಿ ಸೇರಿಸಿ. ಶಾಲೆ ಬಿಡುವ ದಿನ ಪೀಪಲ್ ಪುಟಕ್ಕೆ ಹೋಗಿ ಮಾಲೀಕತ್ವ ಆ ಸಹಶಿಕ್ಷಕರಿಗೆ ವರ್ಗಾಯಿಸಿ, ಅವರು ಒಪ್ಪಿಕೊಂಡದ್ದನ್ನು ಕಣ್ಣಾರೆ ನೋಡಿ. ಚಾರ್ಜ್ ಕೊಡುವಾಗ ಬೀಗದ ಕೈ, ಹಾಜರಿ ಪುಸ್ತಕ ಬರೆಯುವ ಪಟ್ಟಿಯಲ್ಲಿ ಇದನ್ನೂ ದಯವಿಟ್ಟು ಸೇರಿಸಿ.