ಬೌದ್ಧಿಕ ಆಸ್ತಿ ಆಧಾರಿತ ಸಾಲ: ಪರೀಕ್ಷಾ ಟಿಪ್ಪಣಿ

ಬಾಡಿಗೆ ಮಹಡಿಯಲ್ಲಿ ಹತ್ತು ಕಂಪ್ಯೂಟರ್ ಇಟ್ಟುಕೊಂಡ ಅನಿಮೇಷನ್ ಸ್ಟುಡಿಯೊ ಸಾಲ ಕೇಳಿದರೆ, ಬ್ಯಾಂಕು ಸಾಮಾನ್ಯವಾಗಿ ಕೇಳುವುದು ನಿವೇಶನದ ಪತ್ರ. ಆದರೆ ಸ್ಟುಡಿಯೊದ ನಿಜವಾದ ಆಸ್ತಿ ಅದು ಸೃಷ್ಟಿಸಿದ ಪಾತ್ರಗಳು, ಸಾಫ್ಟ್‌ವೇರ್ ಮತ್ತು ಗಳಿಸಿದ ಹೆಸರು. ಇಂಥ ಅಮೂರ್ತ ಆಸ್ತಿಯನ್ನೇ ಭದ್ರತೆಯಾಗಿಟ್ಟು ಪಡೆಯುವುದು ಬೌದ್ಧಿಕ ಆಸ್ತಿ ಆಧಾರಿತ ಸಾಲ.

ಮುಖ್ಯಾಂಶಗಳು

• ಕಾನೂನು: ಬಾಕಿ ಸಾಲಕ್ಕೆ ಭದ್ರತೆಯನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅವಕಾಶ ನೀಡುವ ಸರ್ಫೇಸಿ ಕಾಯ್ದೆ, 2002ರ 'ಆಸ್ತಿ' ವ್ಯಾಖ್ಯೆಯಲ್ಲಿ ಪೇಟೆಂಟ್, ಹಕ್ಕುಸ್ವಾಮ್ಯ, ಟ್ರೇಡ್‌ಮಾರ್ಕ್ ಸೇರಿವೆ.

• ರಕ್ಷಣಾವಧಿ: ಪೇಟೆಂಟ್ 20 ವರ್ಷ; ಟ್ರೇಡ್‌ಮಾರ್ಕ್ 10 ವರ್ಷ, ಟ್ರೇಡ್‌ಮಾರ್ಕನ್ನು ಮತ್ತೆ ಮತ್ತೆ ನವೀಕರಿಸಬಹುದು. ಕಂಪ್ಯೂಟರ್ ಪ್ರೋಗ್ರಾಂ 'ಸಾಹಿತ್ಯ ಕೃತಿ'ಯಾಗಿ ಹಕ್ಕುಸ್ವಾಮ್ಯ ಪಡೆಯುತ್ತದೆ.

• ಪ್ರಸಿದ್ಧ ಉದಾಹರಣೆ: 1997ರ ಬೋವಿ ಬಾಂಡ್. ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಹಾಡುಗಳ ರಾಯಧನದ ಆಧಾರದಲ್ಲಿ 5.5 ಕೋಟಿ ಡಾಲರ್ ಸಂಗ್ರಹಿಸಿದರು.

• ಎಚ್ಚರಿಕೆಯ ಪಾಠ: ಕಿಂಗ್‌ಫಿಷರ್ ಏರ್‌ಲೈನ್ಸ್ ತನ್ನ ಬ್ರ್ಯಾಂಡ್ ಅಡವಿಟ್ಟು ಸಾಲ ಪಡೆದಿತ್ತು. ಸಾಲ ತೀರದಿದ್ದಾಗ ನಡೆದ ಆ ಬ್ರ್ಯಾಂಡ್‌ನ 2016ರ ಏಪ್ರಿಲ್ ಹರಾಜಿನಲ್ಲಿ 366.70 ಕೋಟಿ ರೂ. ಮೂಲಬೆಲೆಗೆ ಒಬ್ಬರೂ ಬಿಡ್ ಸಲ್ಲಿಸಲಿಲ್ಲ.

• ತೊಡಕುಗಳು: ಮೌಲ್ಯಮಾಪನ ಕಷ್ಟ, ಮಾರುಕಟ್ಟೆ ಕಿರಿದು, ಉದ್ಯಮ ಕುಸಿದರೆ ಹೆಸರಿನ ಬೆಲೆಯೂ ಕುಸಿಯುತ್ತದೆ.

• ಪೂರಕ ವ್ಯವಸ್ಥೆ: ಅಡಮಾನವಿಲ್ಲದ ಸಾಲಕ್ಕೆ ಖಾತರಿ ನೀಡಲು ಕೇಂದ್ರ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ (ಸಿಡ್ಬಿ) 2000ರಲ್ಲಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಾಲ ಖಾತರಿ ನಿಧಿ (ಸಿಜಿಟಿಎಂಎಸ್ಇ) ಟ್ರಸ್ಟ್ ಸ್ಥಾಪಿಸಿದವು.

ನೆನಪಿಡಿ: ಕಾನೂನು ಬಾಗಿಲು ತೆರೆದಿದೆ, ನಂಬಲರ್ಹ ಮೌಲ್ಯಮಾಪನ ಬಂದರೆ ಮಾತ್ರ ಸಣ್ಣ ಸೃಜನಶೀಲ ಉದ್ಯಮಗಳು ಒಳಹೋಗಬಲ್ಲವು.